ಹಾಲು ಬಂತಾ ಅಂತ ಒಂದು ಮಾತು ಕೇಳಿ

ರಾಜ್ಯದ ಆರೋಗ್ಯ ಇಲಾಖೆಯ ಆಯುಕ್ತರಿಗೆ, ತಾಲ್ಲೂಕು ಆಸ್ಪತ್ರೆಗಳ ಡ್ಯೂಟಿ ಡಾಕ್ಟರುಗಳಿಗೆ, ಆಶಾ ಅಕ್ಕಂದಿರಿಗೆ, ಮತ್ತೆ ಮನೆಮನೆಯಲ್ಲಿ ಬಾಣಂತನ ಮಾಡುವ ಅಜ್ಜಿಯರಿಗೆ,

ನಮಸ್ಕಾರ.

ಈ ಕಾಗದವನ್ನು ಆಯುಕ್ತರಿಗೆ ಮಾತ್ರ ಬರೆಯೋಣ ಅಂತ ಕೂತಿದ್ದೆ. ಬರೆಯುತ್ತಾ ಹೋದಂತೆ ಅಜ್ಜಿಯರನ್ನೂ ಸೇರಿಸಿಕೊಳ್ಳಬೇಕು ಅನ್ನಿಸಿತು. ನಾನು ಹೇಳಹೊರಟಿರುವ ಕಾಯಿಲೆ ಮೊದಲು ಕಣ್ಣಿಗೆ ಬೀಳುವುದು ಸ್ಕ್ಯಾನಿಂಗ್ ಸೆಂಟರಿನಲ್ಲಲ್ಲ, ಬಾಣಂತಿ ಕೋಣೆಯಲ್ಲಿ. ನಮ್ಮ ಮನೆಯಲ್ಲಿ ಅದನ್ನು ಮೊದಲ ವಾರವೇ ನೋಡಿದ್ದು ನಮ್ಮಜ್ಜಿ. ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಲು ಇನ್ನೂ 19 ವರ್ಷ ಬೇಕಾಯಿತು.

ನಮ್ಮದು ಹಿರಿಯೂರು ಕಡೆಯ ಒಂದು ಹಳ್ಳಿ. 1996ರ ಶ್ರಾವಣ. ನನಗೆ ಏಳು ವರ್ಷ. ಅಮ್ಮನಿಗೆ ಮೂರನೇ ಹೆರಿಗೆ. ಮೊದಲ ಎರಡೂ ಮನೆಯಲ್ಲೇ ಸಲೀಸಾಗಿ ಆಗಿದ್ದವು. ಇದೂ ಮನೆಯಲ್ಲೇ ಆಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮಗು ಹುಟ್ಟಿತು. ಕಸ, ಅಂದರೆ ಮಾಸು, ಬೀಳಲಿಲ್ಲ. ನನಗೆ ನೆನಪಿರುವುದು ಗೋಣಿಚೀಲಗಳು. ಅಮ್ಮನ ಕೆಳಗೆ ಹಾಸಿದ್ದ ಚೀಲಗಳನ್ನು ಅಜ್ಜಿ ಒಂದೊಂದಾಗಿ ಎತ್ತಿ ಹಿತ್ತಲಿಗೆ ಹಾಕುತ್ತಿದ್ದರು. ಮೂರನೆಯದನ್ನು ಎತ್ತಿದಾಗ ಅದು ತೊಟ್ಟಿಕ್ಕುತ್ತಿತ್ತು. ಆಗ 108 ಇರಲಿಲ್ಲ, ಅದು ಬಂದಿದ್ದು 2008ರಲ್ಲಿ. ಕಡಲೆಕಾಯಿ ಮೂಟೆ ಸಾಗಿಸುವ ಮೆಟಡೋರ್‌ನಲ್ಲಿ ಮಲಗಿಸಿಕೊಂಡು ಹೋದರು. ಎರಡು ಬಾಟಲ್ ರಕ್ತ ಹಾಕಿದರು. ಒಂದು ನಮ್ಮ ಸೋದರಮಾವನದು. ಅಮ್ಮ ಬದುಕಿದಳು. ಹನ್ನೊಂದನೇ ದಿನ ಮನೆಗೆ ಬಂದಳು. ಊರಿನವರೆಲ್ಲ "ದೇವರು ದೊಡ್ಡವನು" ಅಂದರು. ಅಲ್ಲಿಗೆ ಕತೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಹಾಲು ಬರಲಿಲ್ಲ. ಒಂದು ಹನಿಯೂ ಇಲ್ಲ. ಬೇರೆ ಬಾಣಂತಿಯರಿಗೆ ಮೂರನೇ ದಿನಕ್ಕೆ ಎದೆ ಕಟ್ಟಿಕೊಂಡು ಗಡುಸಾಗುತ್ತದಲ್ಲ, ಅದೂ ಆಗಲಿಲ್ಲ. ಅಜ್ಜಿ ಬಿಡುವವರಲ್ಲ. ಸಬ್ಬಸಿಗೆ ಸೊಪ್ಪಿನ ಸಾರು, ಮೆಂತ್ಯದ ಗಂಜಿ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಎಲ್ಲ ಆಯಿತು. ದೃಷ್ಟಿ ತೆಗೆದಿದ್ದೂ ಆಯಿತು. ಕೊನೆಗೆ ತಂಗಿಗೆ ಒಳಲೆಯಲ್ಲಿ ಮೇಕೆ ಹಾಲು ಕುಡಿಸಿದರು. ಅವಳು ಅದರಲ್ಲೇ ಬೆಳೆದಳು, ಗಟ್ಟಿಮುಟ್ಟಾಗೇ ಬೆಳೆದಳು. ಅಜ್ಜಿ ಮಾತ್ರ ಬಹಳ ದಿನ ಒಂದೇ ಮಾತು ಹೇಳುತ್ತಿದ್ದರು: "ಹಿಂದಿನ ಎರಡಕ್ಕೂ ಹಾಲು ಚೆಲ್ಲಾಡ್ತಿತ್ತು. ಇದ್ಯಾಕೆ ಹಿಂಗೆ ಬತ್ತೋಯ್ತು?"

ಆ ಪ್ರಶ್ನೆ ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ಹೇಳುವವರ ಎದುರು ಅದನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಆಮೇಲೆ ಮುಟ್ಟು ನಿಂತಿತು. ಅಮ್ಮನಿಗೆ ಆಗ 29. ಇದೇನೂ ಚಿಂತೆಯ ವಿಷಯ ಅಂತ ಯಾರಿಗೂ ಅನ್ನಿಸಲಿಲ್ಲ. "ಆಪರೇಷನ್ ತಾಪತ್ರಯ ತಪ್ಪಿತು ಬಿಡು" ಅಂತ ಓರಗಿತ್ತಿಯರು ನಕ್ಕರಂತೆ. ಆಮೇಲೆ ಸುಸ್ತು. ಕಳೆ ಕೀಳಲು ಹೋದರೆ ಅರ್ಧ ಸಾಲಿಗೇ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಯುಗಾದಿ ಬಿಸಿಲಲ್ಲಿ ಅಪ್ಪನ ಹಳೇ ಸ್ವೆಟರ್ ಹಾಕಿಕೊಂಡು ಓಡಾಡುವ ಅಮ್ಮನನ್ನು ನೋಡಿ ನಾವೇ ನಕ್ಕಿದ್ದೇವೆ. ಮುಖ ಬಿಳಿಚಿಕೊಂಡಿತು. ಹುಬ್ಬು ತೆಳ್ಳಗಾಯಿತು. ಬಾಯಿ ಸುತ್ತ ಸಣ್ಣಸಣ್ಣ ಗೆರೆ ಬಿದ್ದು ನಲವತ್ತಕ್ಕೇ ಅರವತ್ತರ ಹಾಗೆ ಕಾಣುತ್ತಿದ್ದಳು. ಕಂಕುಳ ಕೂದಲು ಪೂರ್ತಿ ಉದುರಿಹೋಗಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಅದೂ ಡಾಕ್ಟರ್ ಕೇಳಿದಾಗ. ಇಂಥದ್ದನ್ನು ಯಾವ ತಾಯಿ ಮಗನ ಹತ್ತಿರ ಹೇಳಿಕೊಳ್ಳುತ್ತಾಳೆ?

ಊರಿನಲ್ಲಿ ಅವಳಿಗೆ ಸೋಮಾರಿ ಅನ್ನುವ ಹೆಸರು ಬಂತು. ಇದನ್ನು ಬರೆಯುವಾಗ ಈಗಲೂ ಕೈ ತಡವರಿಸುತ್ತದೆ. ಯಾಕೆಂದರೆ ಆ ಮಾತು ಆಡಿದವರಲ್ಲಿ ನಾನೂ ಒಬ್ಬ.

ಆಸ್ಪತ್ರೆಗೆ ತೋರಿಸಲಿಲ್ಲ ಅಂತಲ್ಲ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟರು, ವರ್ಷಗಟ್ಟಲೆ. ಬಿಪಿ ಕಮ್ಮಿ ಅಂದರು, ಉಪ್ಪು ಜಾಸ್ತಿ ತಿನ್ನಿ ಅಂದರು. ಥೈರಾಯ್ಡ್ ಇರಬಹುದು ಅಂತ ಟಿಎಸ್‌ಎಚ್ ಮಾಡಿಸಿದರು, ನಾರ್ಮಲ್ ಬಂತು. ಒಬ್ಬರು ಮನಸ್ಸಿನ ಕಾಯಿಲೆ ಅಂದು ನಿದ್ದೆ ಮಾತ್ರೆ ಬರೆದರು. ಕೊನೆಗೆ 2015ರಲ್ಲಿ ಒಂದು ಕಡೆ ಥೈರಾಯ್ಡ್ ತಾನೇ ಮಾಡುವ ಹಾರ್ಮೋನಾದ ಟಿ4 ಕೂಡ ಮಾಡಿಸಿ, ಅದು ಕಮ್ಮಿ ಇದೆ ಅಂತ ಥೈರಾಯ್ಡ್ ಮಾತ್ರೆ ಶುರು ಮಾಡಿದರು. ಕೊನೆಗೂ ಕಾಯಿಲೆ ಸಿಕ್ಕಿತು ಅಂತ ನಮಗೆಲ್ಲ ಸಮಾಧಾನ. ಎರಡು ವಾರ ಆಗಿರಲಿಲ್ಲ, ಅಮ್ಮನಿಗೆ ವಾಂತಿ ಶುರುವಾಯಿತು. ಮಾತು ತೊದಲಿತು. ನನ್ನನ್ನೇ "ಯಾರಪ್ಪ ನೀನು?" ಅಂದಳು. ಎತ್ತಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಸೋಡಿಯಂ 135ಕ್ಕಿಂತ ಮೇಲಿರಬೇಕು. ಅಮ್ಮನದು 114.

ಅಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಇನ್ನೂ ಓದುತ್ತಿದ್ದ ಹುಡುಗಿ. ಫೈಲು ಪೂರ್ತಿ ತಿರುವಿ ಹಾಕಿದರು. ಫೈಲು ಮುಚ್ಚಿ ನಮ್ಮಜ್ಜಿಯ ಕಡೆ ತಿರುಗಿ ಕೇಳಿದರು: "ಅಜ್ಜಿ, ಇವರ ಕೊನೇ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ? ಮಗುಗೆ ಹಾಲು ಬಂತಾ?"

ಅಜ್ಜಿ ಅವರ ಕೈ ಹಿಡಿದುಕೊಂಡು ಅಳತೊಡಗಿದರು. ಹತ್ತೊಂಬತ್ತು ವರ್ಷದಲ್ಲಿ ಅವರನ್ನು ಅದನ್ನು ಕೇಳಿದ ಮೊದಲ ಮನುಷ್ಯಳು ಆಕೆ.

ಆ ರಾತ್ರಿಯೇ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. 100 ಮಿಲಿಗ್ರಾಂ. ಮಾರನೇ ಸಂಜೆ ಅಮ್ಮ ಎದ್ದು ಕೂತು, "ಮುದ್ದೆ ಸಿಗುತ್ತಾ ಇಲ್ಲಿ?" ಅಂದಳು. ಅವಳ ಬಾಯಲ್ಲಿ ಹಸಿವು ಅನ್ನುವ ಮಾತು ಕೇಳಿ ನಮಗೆ ಯಾವ ಕಾಲವಾಗಿತ್ತೋ.

ಕಾಯಿಲೆಯ ಹೆಸರು ಶೀಹಾನ್ ಸಿಂಡ್ರೋಮ್. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಪಿಟ್ಯುಟರಿ ಗ್ರಂಥಿ ಸತ್ತುಹೋಗುವುದು.

ಪಿಟ್ಯುಟರಿ ನಿಮಗೆಲ್ಲ ಗೊತ್ತು. ಹೈಸ್ಕೂಲಿನಲ್ಲಿ ಮಾಸ್ಟರ್ ಗ್ಲ್ಯಾಂಡ್ ಅಂತ ಬರೆದು ಎರಡು ಮಾರ್ಕ್ಸ್ ತೆಗೆದುಕೊಂಡವರೇ ನಾವೆಲ್ಲ. ಮೂಗಿನ ಬುಡದ ಹಿಂದೆ, ಮಿದುಳಿನ ತಳದಲ್ಲಿ, ಕುದುರೆ ಜೀನಿನ ಆಕಾರದ ಒಂದು ಮೂಳೆಯ ಕುಣಿ ಇದೆ. ಅದರೊಳಗೆ ಬಟಾಣಿ ಕಾಳಿನಷ್ಟು ದಪ್ಪ, ಸುಮಾರು ಅರ್ಧ ಗ್ರಾಂ ತೂಕ. ಅಷ್ಟರಲ್ಲೇ ಎರಡು ಭಾಗ. ಹಿಂದಿನ ಭಾಗ ಗೋದಾಮಿನ ಹಾಗೆ. ಮೇಲಿರುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನಲ್ಲಿ ತಯಾರಾದ ಎರಡು ಹಾರ್ಮೋನುಗಳನ್ನು ಇಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಮುಂದಿನ ಭಾಗ ತಾನೇ ಕೆಲಸ ಮಾಡುತ್ತದೆ. ಮಕ್ಕಳು ಉದ್ದ ಬೆಳೆಯುವ ಹಾರ್ಮೋನು, ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್, ಅಂಡಾಶಯಕ್ಕೆ ಹೋಗುವ ಎರಡು ಸಂದೇಶ, ಥೈರಾಯ್ಡ್‌ಗೆ ಒಂದು, ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಒಂದು. ಅಮ್ಮನ ಹತ್ತೊಂಬತ್ತು ವರ್ಷವನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿ. ಪ್ರೊಲ್ಯಾಕ್ಟಿನ್ ಹೋಯಿತು, ಹಾಲಿಲ್ಲ. ಅಂಡಾಶಯದ ಸಂದೇಶ ಹೋಯಿತು, ಮುಟ್ಟಿಲ್ಲ. ಥೈರಾಯ್ಡ್‌ನದು ಹೋಯಿತು, ಸ್ವೆಟರ್. ಅಡ್ರಿನಲ್‌ನದು ಹೋಯಿತು, ಬದುವಿನ ಮೇಲೆ ಕೂತಳು.

ಅದೇ ಗ್ರಂಥಿ ಯಾಕೆ ಸಾಯುತ್ತದೆ ಅಂತ ಡಾಕ್ಟರಮ್ಮನನ್ನು ಕೇಳಿದೆ. ರಿಪೋರ್ಟ್ ಕವರಿನ ಹಿಂದೆ ಚಿತ್ರ ಬರೆದು ವಿವರಿಸಿದರು. ನಾನು ಅದನ್ನು ನಮ್ಮೂರಿನವರಿಗೆ ಹೇಳುವುದು ಹೀಗೆ. ಮಾರಿಕಣಿವೆ ನಾಲೆಯ ಕೊನೇ ಭಾಗದಲ್ಲಿ ಗದ್ದೆ ಇರುವವರ ಪಾಡು ಗೊತ್ತಲ್ಲ? ನೀರು ಎಲ್ಲರನ್ನೂ ದಾಟಿ, ಒತ್ತಡ ಕಳೆದುಕೊಂಡು, ಕೊನೆಗೆ ಅವರಿಗೆ ಬರುತ್ತದೆ. ಪಿಟ್ಯುಟರಿಯ ಮುಂಭಾಗದ ರಕ್ತ ಸರಬರಾಜೂ ಹಾಗೇ. ಹೈಪೋಥಲಾಮಸ್ ಹಾದುಬಂದ ಸಣ್ಣ ನಾಳಗಳಿಂದ, ಕಮ್ಮಿ ಒತ್ತಡದಲ್ಲಿ ಬರುವ ರಕ್ತ. ಬಸುರಿಯಲ್ಲಿ ಹಾಲಿನ ಹಾರ್ಮೋನು ಮಾಡುವ ಜೀವಕೋಶಗಳು ಹೆಚ್ಚಿ ಗ್ರಂಥಿ ದೊಡ್ಡದಾಗುತ್ತದೆ. ಗದ್ದೆ ವಿಸ್ತಾರವಾಯಿತು, ನಾಲೆ ಅಷ್ಟೇ ಇದೆ. ಅಂಥ ಹೊತ್ತಿನಲ್ಲಿ ರಕ್ತ ಸುರಿದು ಬಿಪಿ ಬಿದ್ದರೆ ಮೊದಲು ಒಣಗುವುದು ಕೊನೇ ಗದ್ದೆಯೇ. ಹಿಂದಿನ ಭಾಗಕ್ಕೆ ಬೇರೆ ರಕ್ತನಾಳ ಇರುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಅಮ್ಮನ ಎಂಆರ್‌ಐನಲ್ಲಿ ಗ್ರಂಥಿ ಇರಬೇಕಾದ ಕುಣಿ ಹೆಚ್ಚುಕಮ್ಮಿ ಖಾಲಿ ಇತ್ತು.

ಇದೇನೂ ಹೊಸದಾಗಿ ಕಂಡುಹಿಡಿದ ಕಾಯಿಲೆಯಲ್ಲ. ಪೋಲೆಂಡಿನ ಗ್ಲಿನ್ಸ್ಕಿ 1913ರಲ್ಲೇ ಬರೆದಿದ್ದರು. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ಸತ್ತ ಬಾಣಂತಿಯರ ಶವಗಳನ್ನು ಪರೀಕ್ಷಿಸುತ್ತಿದ್ದ ಹೆರಾಲ್ಡ್ ಶೀಹಾನ್ 1937ರಲ್ಲಿ ಪೂರ್ತಿ ಬಿಡಿಸಿ ಹೇಳಿದರು. ಹೆರಿಗೆ ವ್ಯವಸ್ಥೆ ಸುಧಾರಿಸಿದ ದೇಶಗಳಲ್ಲಿ ಈಗ ಅಪರೂಪ. ನಮ್ಮಲ್ಲಿ ಎಷ್ಟಿದೆ? 2005ರಲ್ಲಿ ಕಾಶ್ಮೀರ ಕಣಿವೆಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಹೆತ್ತಿರುವ, 20 ದಾಟಿದ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಕಾಯಿಲೆ. ಹಾಗಿದ್ದವರಲ್ಲಿ ಮೂರನೇ ಎರಡರಷ್ಟು ಜನ ಮನೆಯಲ್ಲಿ ಹೆತ್ತವರು. ಕಾಶ್ಮೀರದ ಲೆಕ್ಕವನ್ನು ತಂದು ಇಲ್ಲಿ ಅಂಟಿಸುವುದು ಸರಿಯಲ್ಲ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲೂ ಮನೆ ಹೆರಿಗೆಗಳೇ ಜಾಸ್ತಿ ಇದ್ದವಲ್ಲ. ಆ ತಾಯಂದಿರಿಗೆ ಈಗ ಐವತ್ತು, ಅರವತ್ತು. ಅವರೆಲ್ಲ ಎಲ್ಲಿದ್ದಾರೆ? ಜಗುಲಿಯ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿರಬಹುದು.

ಒಂದು ಸಣ್ಣ ಮಾತು, ದಾರಿ ತಪ್ಪಿದರೂ ಹೇಳಿಬಿಡುತ್ತೇನೆ. ಪಿಟ್ಯುಟರಿ ಅನ್ನುವ ಹೆಸರು ಬಂದಿರುವುದು ಕಫ ಅನ್ನುವ ಲ್ಯಾಟಿನ್ ಮಾತಿನಿಂದ. ಮಿದುಳಿನ ಕಫ ಇಲ್ಲಿಂದ ಮೂಗಿಗೆ ಇಳಿಯುತ್ತದೆ ಅಂತ ಹಳೇ ಕಾಲದವರು ನಂಬಿದ್ದರಂತೆ. ಹಿಂದಿ ಪಠ್ಯಪುಸ್ತಕದಲ್ಲಿ ಇದಕ್ಕೆ ಪೀಯೂಷ ಗ್ರಂಥಿ ಅನ್ನುತ್ತಾರೆ. ಪೀಯೂಷ ಅಂದರೆ ಅಮೃತ. ಸಂಸ್ಕೃತದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ: ಹಸು ಕರು ಹಾಕಿದ ಮೊದಲ ವಾರದ ಹಾಲು. ನಮ್ಮ ಗಿಣ್ಣದ ಹಾಲು! ಹೆಸರಿಟ್ಟವರು ಇದನ್ನು ಯೋಚಿಸಿ ಇಟ್ಟರೋ ಇಲ್ಲವೋ, ನನಗಂತೂ ಲ್ಯಾಟಿನ್ನಿನ ಕಫಕ್ಕಿಂತ ಗಿಣ್ಣು ಎಷ್ಟೋ ಮೇಲು ಅನ್ನಿಸುತ್ತದೆ.

ಈಗ ಡಾಕ್ಟರುಗಳಿಗೆ ಎರಡು ಮಾತು. ನಿಮಗೆ ಪಾಠ ಹೇಳುವಷ್ಟು ಓದಿದವನಲ್ಲ ನಾನು. ನಮ್ಮಮ್ಮನ ಫೈಲು ಓದಿದ್ದೇನೆ, ಅಷ್ಟೆ.

ಮೊದಲನೆಯದು ಟಿಎಸ್‌ಎಚ್. ಆ ಹಾರ್ಮೋನನ್ನು ಕಳಿಸುವುದೇ ಪಿಟ್ಯುಟರಿ. ಥೈರಾಯ್ಡ್ ಆಳು ಇದ್ದ ಹಾಗೆ, ಪಿಟ್ಯುಟರಿ ಮೇಸ್ತ್ರಿ. ಆಳು ಕೆಲಸ ನಿಧಾನ ಮಾಡಿದರೆ ಮೇಸ್ತ್ರಿ ಕೂಗುತ್ತಾನೆ. ಕೂಗು ಜೋರಾದರೆ ಟಿಎಸ್‌ಎಚ್ ಜಾಸ್ತಿ. ಆದರೆ ಮೇಸ್ತ್ರಿಗೇ ದನಿ ಬಿದ್ದುಹೋಗಿದ್ದರೆ? ಕೆಲಸ ನಿಂತಿರುತ್ತದೆ, ಕೂಗೂ ಕೇಳುವುದಿಲ್ಲ. ಟಿಎಸ್‌ಎಚ್ ಒಂದನ್ನೇ ನೋಡಿದವರಿಗೆ ಎಲ್ಲ ಸರಿ ಇರುವ ಹಾಗೆ ಕಾಣುತ್ತದೆ. ಜೊತೆಗೆ ಫ್ರೀ ಟಿ4 ಮಾಡಿಸಿದ್ದರೆ ನಮ್ಮಮ್ಮನದು ಎಷ್ಟೋ ವರ್ಷ ಮೊದಲೇ ಸಿಕ್ಕಿಬೀಳುತ್ತಿತ್ತು. ಎರಡನೆಯದು ಇದಕ್ಕಿಂತ ದೊಡ್ಡದು. ಟಿ4 ಕಮ್ಮಿ ಇದ್ದು ಟಿಎಸ್‌ಎಚ್ ಏರಿಲ್ಲ ಅಂದರೆ, ಥೈರಾಯ್ಡ್ ಮಾತ್ರೆ ಬರೆಯುವ ಮೊದಲು ಬೆಳಗಿನ ಕಾರ್ಟಿಸಾಲ್ ನೋಡಿ, ಅಡ್ರಿನಲ್ ಮಾಡುವ ಹಾರ್ಮೋನು ಅದು. ಕಾರ್ಟಿಸಾಲ್ ಇಲ್ಲದ ಮೈಗೆ ಥೈರಾಯ್ಡ್ ಮಾತ್ರೆ ಕೊಟ್ಟರೆ, ಇದ್ದಬದ್ದ ಚೂರೂ ಬೇಗ ಖರ್ಚಾಗಿ ಮನುಷ್ಯ ಕುಸಿದುಬೀಳಬಹುದು. ಮೊದಲು ಕಾರ್ಟಿಸಾಲ್ ಬದಲಿಗೆ ಕೊಡುವ ಸ್ಟೀರಾಯ್ಡ್ (ಹೈಡ್ರೋಕಾರ್ಟಿಸೋನ್), ಆಮೇಲೆ ಥೈರಾಯ್ಡ್. ಅಮ್ಮ ನನ್ನನ್ನೇ ಯಾರು ಅಂತ ಕೇಳಿದ್ದು ಈ ಸರದಿ ತಿರುಗುಮುರುಗಾಗಿದ್ದಕ್ಕೆ. ಬರೆದುಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನೂರು ಜನರನ್ನು ನೋಡುವ ಜಾಗ ಅದು. ಯಾರೂ ಹಳೇ ಹೆರಿಗೆಯ ಕತೆ ಕೇಳುತ್ತಾ ಕೂರುವುದಿಲ್ಲ.

ಪಿಟ್ಯುಟರಿಯ ಬೇರೆ ಕಾಯಿಲೆಗಳಿಗೆ ಈ ಪಾಡಿಲ್ಲ. ಬೆಳವಣಿಗೆ ಹಾರ್ಮೋನು ವಿಪರೀತವಾದರೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿ ಸೈಜು ಏರುತ್ತದೆ, ದವಡೆ ದಪ್ಪವಾಗುತ್ತದೆ. ತಡವಾದರೂ ಯಾರಾದರೂ ಗುರುತಿಸುತ್ತಾರೆ. ಪ್ರೊಲ್ಯಾಕ್ಟಿನ್ ಗಡ್ಡೆಯಾದರೆ ಹೆರದೇ ಹಾಲು ಬರುತ್ತದೆ. ಗಾಬರಿಯಿಂದ ಅವರೇ ಆಸ್ಪತ್ರೆಗೆ ಓಡುತ್ತಾರೆ, ಎಷ್ಟೋ ಜನರಿಗೆ ಬರೀ ಮಾತ್ರೆಯಲ್ಲೇ ಗಡ್ಡೆ ಕುಗ್ಗುತ್ತದೆ. ಅವೆಲ್ಲ ಏನೋ ಜಾಸ್ತಿಯಾಗಿ ಬರುವ ಕಾಯಿಲೆಗಳು. ಇದು ಎಲ್ಲ ಕಮ್ಮಿಯಾಗುವ ಕಾಯಿಲೆ. ಹಳ್ಳಿ ಹೆಂಗಸಿಗೆ ಸುಸ್ತು ಅಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆಯುಕ್ತರೇ, ತಾಯಂದಿರ ಸಾವಿನ ಲೆಕ್ಕದಲ್ಲಿ ನಮ್ಮ ರಾಜ್ಯ ಬಹಳ ದೂರ ಬಂದಿದೆ. 2001-03ರಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಹಿಂದೆ ರಕ್ತ ಹೋಗಿ ಸಾಯುತ್ತಿದ್ದವರು ಈಗ ರಕ್ತ ಹೋಗಿಯೂ ಬದುಕುತ್ತಿದ್ದಾರೆ ಅಂದರೆ, ಆಮೇಲೆ ಅವರಿಗೆ ಏನಾಯಿತು ಅಂತ ಕೇಳುವ ಜವಾಬ್ದಾರಿಯೂ ಜಾಸ್ತಿಯಾಯಿತು ಅಲ್ವಾ? ತಾಯಿ ಸತ್ತರೆ ಆಡಿಟ್ ಆಗುತ್ತದೆ. ಸಾವಿನ ಬಾಯಿಂದ ಪಾರಾದವರ ಕೇಸುಗಳನ್ನೂ ಪರಿಶೀಲಿಸಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಮಾಡಿದೆ. ಅದರಲ್ಲಿ ಕೇಳುವುದು ಹೇಗೆ ಪಾರಾದಳು ಅಂತ. ಪಾರಾದ ಮೇಲೆ ಹೇಗಿದ್ದಾಳೆ ಅಂತ ನಾನು ಕೇಳುತ್ತಿದ್ದೇನೆ.

ಕೇಳುವುದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಬೋರ್ಡೂ ಬೇಕಿಲ್ಲ. ಆಶಾ ಅಕ್ಕಂದಿರು ಈಗಲೇ ಮನೆಗೆ ಬರುತ್ತಾರೆ. ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡು. ತಂಗಿಯ ಬಾಣಂತನದಲ್ಲಿ ನಾನೇ ನೋಡಿದ್ದೇನೆ. ತಕ್ಕಡಿ ಜೋಳಿಗೆಯಲ್ಲಿ ಮಗುವನ್ನು ತೂಗಿದರು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು, ಹೊಕ್ಕುಳು ನೋಡಿದರು. ಪಾಪ, ಎಷ್ಟು ಅಚ್ಚುಕಟ್ಟು. ಹಾಲು ಸಾಲುತ್ತಿದೆಯಾ ಅಂತಲೂ ಕೇಳಿದರು. ಆದರೆ ಆ ಪ್ರಶ್ನೆ ಮಗುವಿಗಾಗಿ ಕೇಳಿದ್ದು. ರಕ್ತ ಜಾಸ್ತಿ ಹೋದ ಬಾಣಂತಿಯ ಮನೆಯಲ್ಲಿ ಅದೇ ಪ್ರಶ್ನೆಯನ್ನು ತಾಯಿಗಾಗಿ ಕೇಳಬೇಕು. ಹಾಲು ಬರಲಿಲ್ಲ ಅಂದರೆ ಡಬ್ಬಿ ಹಾಲು ಬೇಡ, ಎದೆಗೆ ಹಾಕುತ್ತಿರಿ ಅಂತ ಬುದ್ಧಿ ಹೇಳಿ ಹೋಗುವ ಬದಲು, ತಾಯಿ ಕಾರ್ಡಿನಲ್ಲಿ ಬರೆದು ಡಾಕ್ಟರಿಗೆ ತೋರಿಸಬೇಕು. ವರ್ಷ ಕಳೆದರೂ ಮುಟ್ಟು ಬಂದಿಲ್ಲ ಅಂದರೆ ಮತ್ತೆ ತೋರಿಸಬೇಕು. ಹಾಲು ಬರದ ಎಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಬೇರೆ ಕಾರಣಗಳೇ ಜಾಸ್ತಿ. ಸುಮ್ನೆ ಯಾರೂ ಹೆದರುವುದು ಬೇಡ. ಆದರೆ ರಕ್ತ ಸುರಿದಿದ್ದು, ಹಾಲು ಬತ್ತಿದ್ದು, ಮುಟ್ಟು ನಿಂತಿದ್ದು, ಈ ಮೂರೂ ಒಬ್ಬಳಲ್ಲೇ ಸೇರಿದರೆ ಆಕೆಗೆ ಒಂದು ರಕ್ತ ಪರೀಕ್ಷೆ ಸಿಗಲಿ.

ರಕ್ತ ಹೋಗದ ಹಾಗೆ ನೋಡಿಕೊಳ್ಳುವುದು ಮೊದಲ ಕೆಲಸ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಗು ಹೊರಬಂದ ಕೂಡಲೇ ತಾಯಿಗೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಇದೆಯಲ್ಲ, ಅದೂ ಪಿಟ್ಯುಟರಿಯ ಹಿಂಭಾಗದ್ದೇ ಹಾರ್ಮೋನು! ಕರು ಮೊಲೆಗೆ ಬಾಯಿ ಹಾಕಿದ ಕೂಡಲೇ ಹಸು ಸೊರ ಬಿಡುತ್ತದಲ್ಲ, ಅದು ಇದರದ್ದೇ ಕೆಲಸ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ರಕ್ತ ನಿಲ್ಲುವುದೂ ಇದರಿಂದಲೇ. 1953ರಲ್ಲಿ ಇದನ್ನು ಲ್ಯಾಬಿನಲ್ಲಿ ತಯಾರಿಸಿದ ಡು ವಿನ್ಯೂ ಅವರಿಗೆ ಎರಡೇ ವರ್ಷದಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಇದಕ್ಕೆ ಕೆಟ್ಟ ಹೆಸರು ಬಂದಿದ್ದು ಎಮ್ಮೆ, ಹಸುಗಳಿಗೆ ಚುಚ್ಚಿ ಹಾಲು ಇಳಿಸುವ ದಂಧೆಯಿಂದ. ಆ ದಂಧೆ ನಿಲ್ಲಿಸಲು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನೇ ನಿಷೇಧಿಸಿ, ದೇಶದ ಅಷ್ಟೂ ಬಾಣಂತಿಯರ ಔಷಧವನ್ನು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಒಂದೇ ಮಾಡಬೇಕು ಅಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಹಸುವಿನ ಕೊಟ್ಟಿಗೆಯ ತಪ್ಪಿಗೆ ಹೆರಿಗೆ ಕೋಣೆಗೆ ಬೀಗ ಹಾಕಲು ಹೊರಟಿದ್ದು ಅಂತ ನನ್ನ ಅಭಿಪ್ರಾಯ. ಅದಿರಲಿ. ಈ ಔಷಧ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ನಮ್ಮ ಕಡೆಯವರನ್ನು ಕೇಳಿ. ಪಿಎಚ್‌ಸಿಯ ಆ ಫ್ರಿಜ್ಜು ತಣ್ಣಗಿದೆಯಾ ಅಂತ ನೋಡುವುದೂ ಪಿಟ್ಯುಟರಿ ಉಳಿಸುವ ಕೆಲಸವೇ.

ಹಾವಿನ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಕೊಳಕುಮಂಡಲ ಕಚ್ಚಿ ಬದುಕಿದ ಕೆಲವರಿಗೆ ಥೇಟ್ ಇದೇ ಪಾಡು ಬರುತ್ತದೆ, ಗಂಡಸರಿಗೂ. ಅದರ ವಿಷ ರಕ್ತ ಹೆಪ್ಪುಗಟ್ಟುವ ಲೆಕ್ಕವನ್ನೇ ಕೆಡಿಸುತ್ತದೆ. ಪಿಟ್ಯುಟರಿಯ ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟಬಹುದು, ಗ್ರಂಥಿಯೊಳಗೇ ರಕ್ತ ಸೋರಬಹುದು. ಬರ್ಮಾದಲ್ಲಿ ಇಂಥ ರೋಗಿಗಳನ್ನು ನೋಡಿದ ವೈದ್ಯರು, ಇದು ಶೀಹಾನ್ ಕಾಯಿಲೆಯನ್ನೇ ಹೋಲುತ್ತದೆ ಅಂತ 1987ರಲ್ಲಿ ಬರೆದರು. ದಕ್ಷಿಣ ಭಾರತದಿಂದಲೂ ಕೇಸುಗಳು ವರದಿಯಾಗಿವೆ. ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ತಿಳಿಸಲೇಬೇಕು ಅಂತ ನಮ್ಮ ರಾಜ್ಯ 2024ರಲ್ಲಿ ಆದೇಶ ಮಾಡಿತು. ಬಹಳ ಒಳ್ಳೆಯ ಕೆಲಸ. ಈಗ ಪಟ್ಟಿ ನಿಮ್ಮ ಕೈಯಲ್ಲೇ ಇದೆ. ಕಚ್ಚಿಸಿಕೊಂಡು ಕಿಡ್ನಿ ಕೆಟ್ಟು, ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಬಂದವರಿಗೆ ಆರು ತಿಂಗಳ ಮೇಲೆ ಒಂದು ಫೋನ್ ಮಾಡಿಸಿ. "ಗಡ್ಡ ಬೋಳಿಸುವುದು ಕಮ್ಮಿಯಾಗಿದೆಯಾ, ಸುಸ್ತಿದೆಯಾ?" ಅಂತ ಕೇಳಿದರೂ ಸಾಕು.

ಇನ್ನು ಮಾತ್ರೆ. ಅಮ್ಮ ಈಗ ಬೆಳಗ್ಗೆ ಎದ್ದ ಕೂಡಲೇ ಹೈಡ್ರೋಕಾರ್ಟಿಸೋನ್ 10, ಮಧ್ಯಾಹ್ನ 5, ಸಂಜೆ 5 ಮಿಲಿಗ್ರಾಂ ತಗೊಳ್ಳುತ್ತಾಳೆ. ಜೊತೆಗೆ ಥೈರಾಯ್ಡ್ ಮಾತ್ರೆ. ಇದು ಅವಳ ಲೆಕ್ಕ, ಓದಿದವರು ಯಾರೂ ಇದನ್ನೇ ಹಿಡಿಯಬೇಡಿ. ಜ್ವರ ಬಂದರೆ ಡಬಲ್. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್, ತಡ ಮಾಡುವ ಹಾಗಿಲ್ಲ. ಈ ಮಾತ್ರೆ ನಮ್ಮ ಕಡೆ ಅಂಗಡಿಗಳಲ್ಲಿ ಇಡುವುದಿಲ್ಲ. ಬೆಂಗಳೂರಿಂದ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತೇನೆ, ಎರಡು ತಿಂಗಳದು ಒಟ್ಟಿಗೆ. ಲಾಕ್‌ಡೌನ್‌ನಲ್ಲಿ ಬಸ್ ನಿಂತಾಗ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಕಾಗದವಾಗುತ್ತದೆ. ತಾಲ್ಲೂಕಿಗೆ ಒಂದು ಕಡೆಯಾದರೂ ಈ ಮಾತ್ರೆ ಸಿಗುವ ಹಾಗೆ ಮಾಡಿ.

ಇಂಜೆಕ್ಷನ್ ಎಲ್ಲ ಕಡೆ ಇರುತ್ತದೆ, ಅದೊಂದು ಪುಣ್ಯ. ಆದರೆ ಇದ್ದರೆ ಸಾಲದು. ನಾಲ್ಕು ವರ್ಷದ ಹಿಂದೆ ನೆಂಟರ ಮದುವೆಗೆ ಹೋದಾಗ ಅಮ್ಮನಿಗೆ ವಾಂತಿಭೇದಿ. ಅಲ್ಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೈಡ್ರೋಕಾರ್ಟಿಸೋನ್ ಕೊಡಿ ಅಂದೆ. "ಸ್ಟೀರಾಯ್ಡ್ ಅದು. ಕೇಳಿದೋರಿಗೆಲ್ಲ ಕೊಡೋಕಾಗಲ್ಲ" ಅಂದರು. ಇಂಗ್ಲಿಷಿನ ಡಿಸ್ಚಾರ್ಜ್ ಶೀಟ್ ನನ್ನ ಫೋನಿನಲ್ಲಿತ್ತು, ಸಿಗ್ನಲ್ ಇರಲಿಲ್ಲ. ಇಪ್ಪತ್ತು ನಿಮಿಷ ವಾದ ಮಾಡಿದೆ. ಅಮ್ಮನ ಬಿಪಿ 70ಕ್ಕೆ ಬಂತು. ಕೊನೆಗೆ ಹಿರಿಯ ಸಿಸ್ಟರ್ ಒಬ್ಬರು, "ಸಾರ್, ಅಲರ್ಜಿ ಟ್ರೇನಲ್ಲಿ ಇದೆ, ಹಾಕ್ಲಾ?" ಅಂತ ಬಾಟಲಿ ಕೈಯಲ್ಲಿ ಹಿಡಿದೇ ಬಂದರು. ಆ ಡಾಕ್ಟರರ ಭಯವೂ ಸುಳ್ಳಲ್ಲ. ಸ್ಟೀರಾಯ್ಡನ್ನು ಬೇಕಾಬಿಟ್ಟಿ ಬಳಸಿ ಮೈ ಕೆಡಿಸಿಕೊಂಡವರು ನಮ್ಮಲ್ಲಿ ಕಮ್ಮಿ ಇಲ್ಲ. ಆದರೆ ಇವರಿಗೆ ಅದು ಔಷಧವಲ್ಲ, ಮೈಯಲ್ಲೇ ಇರಬೇಕಾಗಿದ್ದದ್ದು. ಅದಕ್ಕೇ ಒಂದು ಕಾರ್ಡ್ ಕೇಳುತ್ತಿದ್ದೇನೆ. ಆಧಾರ್ ಅಷ್ಟು ಗಾತ್ರದ್ದು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್, ಮೇಲೆ ಸರ್ಕಾರದ ಸೀಲು. "ಇವರಿಗೆ ಪಿಟ್ಯುಟರಿ ಕೆಲಸ ಮಾಡುವುದಿಲ್ಲ. ವಾಂತಿ, ಅಪಘಾತ, ಆಪರೇಷನ್ ಇದ್ದರೆ ತಡ ಮಾಡದೆ ಹೈಡ್ರೋಕಾರ್ಟಿಸೋನ್ 100 ಕೊಡಿ." ಮಗ ಹೇಳಿದರೆ ನಂಬದವರು ಸೀಲು ಹೇಳಿದರೆ ನಂಬುತ್ತಾರೆ. ನಾನು ಕಂಪ್ಯೂಟರಿನಲ್ಲಿ ಮಾಡಿ ಲ್ಯಾಮಿನೇಷನ್ ಹಾಕಿಸಿದ ಒಂದನ್ನು ಅಮ್ಮ ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡಿದ್ದಾಳೆ. ಅದಕ್ಕೆ ಸೀಲಿಲ್ಲ.

ನಿನ್ನೆ ಊರಿಗೆ ಹೋಗಿದ್ದೆ. ಈ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅಜ್ಜಿ ಈಗಿಲ್ಲ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದಳು. ಸ್ವೆಟರ್ ಹಾಕಿರಲಿಲ್ಲ. ಕಂಕುಳಿನ ಮಾತು ಬಂದಾಗ "ಥೂ, ಅದನ್ನೆಲ್ಲ ಯಾಕೆ ಬರೆದೆ?" ಅಂದಳು. ತೆಗೆಯಲಾ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಇರಲಿ ಬಿಡು, ಬೇರೆಯವರು ಡಾಕ್ಟರಿಗೆ ಹೇಳ್ಕಂತಾರೆ" ಅಂದಳು. ಎಲ್ಲ ಮುಗಿದ ಮೇಲೆ ಒಂದೇ ಒಂದು ತಿದ್ದುಪಡಿ ಹೇಳಿದಳು.

"ಆ ಮೇಕೆ ನಮ್ಮದಲ್ಲ ಕಣಪ್ಪ. ಹಿಂದ್ಲ ಮನೆ ಅಜ್ಜೀದು. ತನ್ನ ಮರಿಗಳಿಗೂ ಬಿಡದೆ ಒಂದು ವರ್ಷ ನಿನ್ನ ತಂಗಿಗೆ ಕರೆದುಕೊಟ್ಟಳು. ಅದನ್ನೂ ಬರಿ."

ಬರೆದಿದ್ದೇನೆ.

ಇಂತಿ ನಿಮ್ಮ,
ಹಿರಿಯೂರು ಕಡೆಯ ಒಬ್ಬ ತಾಯಿಯ ಮಗ